ಅಪ್ಪನ ಕೈ ಮುಟ್ಟಿದ ಮನೆಗಳು

ಹೋದ ತಿಂಗಳು ಜಂಗಮಕೋಟೆಯ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ, ಸೊಂಟ ಹಿಡಿದುಕೊಂಡಿತ್ತೆಂದು ನಾಲ್ಕು ಹೆಜ್ಜೆ ಅಡ್ಡಾಡಲು ಹೊರಬಂದರೆ, ಪಕ್ಕದ ರೇಷ್ಮೆ ಹುಳುಮನೆಯಿಂದ ಫಾರ್ಮಲಿನ್ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಹೊಸ ಬೆಳೆ ಇಡಲು ಮನೆ ತೊಳೆಯುತ್ತಿದ್ದರು. ನನ್ನ ಕಣ್ಣಲ್ಲಿ ಬಳಬಳ ನೀರು. "ಅಜ್ಜಿ, ಆ ಕೆಮಿಕಲ್ಲು ಕಣ್ಣಿಗೆ ಒಳ್ಳೇದಲ್ಲ, ಈ ಕಡೆ ಬಾ" ಎಂದು ಮೊಮ್ಮಗಳು ರಟ್ಟೆ ಹಿಡಿದು ಎಳೆದಳು. ಅಳುವಿನಲ್ಲಿ ಅರ್ಧ ಪಾಲು ಕೆಮಿಕಲ್ಲಿನದು, ಇನ್ನರ್ಧ ನನ್ನಪ್ಪನದು ಎಂದು ಅವಳಿಗೆ ಹೇಗೆ ಹೇಳಲಿ? ಅವಳು ಅವನನ್ನು ನೋಡಿದವಳೇ ಅಲ್ಲ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಎಸ್ಎಸ್ಎಲ್‌ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಬರೀ ಮಾತಿಗೆ, ರೇಷ್ಮೆಹುಳ ಸಾಕುವವರಿಗೆ ಕೂರುವುದು ಎಲ್ಲಿಂದ ಬರಬೇಕು? ಜಂಗಮಕೋಟೆಯಿಂದ ಎರಡು ಮೈಲಿ ನಡೆದರೆ ನಮ್ಮ ಹಳ್ಳಿ. ನಮ್ಮ ಕೇರಿಯಲ್ಲಿ ಕ್ರೈಸ್ತರ ಮನೆಗಳು ಎಂಟು, ಕೇರಿಯ ಕೊನೆಗೆ ನಾಡಹೆಂಚಿನ ಒಂದು ಸಣ್ಣ ಚರ್ಚು. ಅಪ್ಪ ಅಲ್ಲಿಯ ಉಪದೇಶಿ. ಪಾದ್ರಿಗಳು ಚಿಕ್ಕಬಳ್ಳಾಪುರದಿಂದ ತಿಂಗಳಿಗೊಮ್ಮೆ ಬಂದು ಹೋಗುವರು. ಮಿಕ್ಕ ಭಾನುವಾರಗಳ ಪ್ರಾರ್ಥನೆ, ಕಾಯಿಲೆಯ ಮನೆ, ಸಾವಿನ ಮನೆ, ಗಂಡಹೆಂಡಿರ ಜಗಳದ ಮನೆ, ಎಲ್ಲವೂ ಅಪ್ಪನ ತಲೆಗೇ. ಅಮ್ಮ ನಾನು ಏಳು ವರ್ಷದವಳಿದ್ದಾಗಲೇ ಹೆರಿಗೆಯಲ್ಲಿ ಹೋಗಿದ್ದಳು. ಹೀಗಾಗಿ ಮನೆಗೂ ಹುಳುಮನೆಗೂ ನಾನೇ ಯಜಮಾನಿ, ಯಜಮಾನಿಕೆಗೆ ತಕ್ಕ ಬಾಯಿಯೂ ನನಗಿತ್ತು.

ಅಪ್ಪನಿಗೆ ಒಂದೇ ಒಂದು ಚಟ, ನಸ್ಯ. ಹುಳುಮನೆಗೂ ಹೊಗೆಸೊಪ್ಪಿಗೂ ಎಣ್ಣೆ ಸೀಗೆಕಾಯಿ. ಹೊಗೆಸೊಪ್ಪಿನ ಸೋಂಕು ತಗುಲಿದ ಹಿಪ್ಪುನೇರಳೆ ಸೊಪ್ಪು ತಿಂದರೆ ಹುಳ ಹಸಿರು ಕಕ್ಕಿಕೊಂಡು ಸಾಯುತ್ತದೆ. "ನಮ್ಮ ಹುಳುಮನೆ ಹೊಸ್ಲು ದಾಟಿದ್ರೆ ನೋಡು ಅಪ್ಪ" ಎಂದು ನಾನು ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದ್ದೆ. "ಹುಳುಮನೆಗೆ ಹೋಗೋ ದಿವ್ಸ ನಾನು ಏರ್ಸೋದೇ ಇಲ್ಲ ಕಣಮ್ಮ, ಬೇರೇರ ಮನೇಲಿ ಬಿಡಲ್ವಾ?" ಎಂದರೆ, "ಅವರಿಗೆ ನಿನ್ನ ಕಂಡ್ರೆ ಭಯ, ನನಗಿಲ್ಲ. ನಿನ್ನ ಅಂಗೀಲೇ ವಾಸನೆ ಕೂತದೆ" ಎನ್ನುತ್ತಿದ್ದೆ. ಊರಿಗೆಲ್ಲ ಉಪದೇಶ ಹೇಳುವ ಅಪ್ಪ ನನ್ನ ಬಾಗಿಲಲ್ಲಿ ತೆಪ್ಪಗೆ ನಿಂತು, ಅಲ್ಲಿಂದಲೇ ಕೈ ಚಾಚಿ, ನಮ್ಮ ಹುಳದ ತಟ್ಟೆಗಳಿಗೆ ಪ್ರಾರ್ಥನೆ ಮಾಡಿ ಹೋಗುತ್ತಿದ್ದ.

ವಾರಕ್ಕೊಂದು ಸಲ ಶಿಡ್ಲಘಟ್ಟದಿಂದ ಸೈಕಲ್ ತುಳಿದುಕೊಂಡು ನಂಜುಂಡಯ್ಯ ಎಂಬುವರು ಬರುತ್ತಿದ್ದರು. ಅವರು ಸರ್ಕಾರದ ರೇಷ್ಮೆ ಡೆಮಾನ್‌ಸ್ಟ್ರೇಟರು. ಹುಳಕ್ಕೆ ಸೊಪ್ಪು ಹೇಗೆ ಕತ್ತರಿಸಬೇಕು, ಎಷ್ಟು ಗಾಳಿ ಬಿಡಬೇಕು ಎಂದು ಮನೆಮನೆಗೆ ಹೇಳಿಕೊಡುವುದು ಅವರ ಕೆಲಸ. ದೇವರ ಹೆಸರನ್ನೇ ಇಟ್ಟುಕೊಂಡು ದೇವರಿಲ್ಲ ಎನ್ನುವ ಆಸಾಮಿ. ಕೆಲಸ ಮುಗಿದ ಮೇಲೆ ನಮ್ಮ ಜಗಲಿಯ ಮೇಲೆ ಕೂತು, ಬೆಲ್ಲದ ಕಾಫಿ ಕುಡಿಯುತ್ತ, ಅಪ್ಪನ ಜೊತೆ ವಾದಕ್ಕೆ ಇಳಿಯುವರು. ಇಬ್ಬರಿಗೂ ಅದಿಲ್ಲದಿದ್ದರೆ ವಾರ ಮುಗಿಯುತ್ತಿರಲಿಲ್ಲ.

ಒಂದು ದಿನದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ಉಪದೇಶಿಗಳೆ, ಒಬ್ಬ ಹುಳುಮನೆ ಯಜಮಾನ ಇದಾನೆ ಅಂತಿಟ್ಕೊಳ್ಳಿ. ತಟ್ಟೆಗೆ ಇರುವೆ ಹತ್ತೋದು ಅವನಿಗೆ ಕಾಣ್ತದೆ. ಓಡಿಸೋ ಶಕ್ತೀನೂ ಅದೆ. ಆದ್ರೂ ಸುಮ್ನೆ ಕೂತವ್ನೆ. ಅವನನ್ನ ಒಳ್ಳೆ ಯಜಮಾನ ಅಂತೀರಾ? ಕಾಣದಿದ್ರೆ ಕುರುಡ, ಕೈಲಾಗದಿದ್ರೆ ದುರ್ಬಲ, ಮನಸ್ಸಿಲ್ದಿದ್ರೆ ಕಟುಕ. ನಿಮ್ಮ ದೇವರು ಮೂರರಲ್ಲಿ ಯಾವುದು?"

ಅಪ್ಪ ನಸ್ಯದ ಡಬ್ಬಿಯ ಮೇಲೆ ಬೆರಳಲ್ಲಿ ತಟ್ಟುತ್ತ ಯೋಚಿಸಿದ. "ಹುಳ ಪೊರೆ ಬಿಡೋ ಹೊತ್ನಲ್ಲಿ ತಿನ್ನೋದು ಬಿಟ್ಟು ತಲೆಯೆತ್ಕೊಂಡು ಕೂರ್ತದಲ್ಲ, ಆಗ ಸೊಪ್ಪು ಹಾಕ್ಬೇಡಿ, ಮುಟ್ಬೇಡಿ ಅಂತ ನೀವೇ ಹೇಳ್ತೀರಿ. ಅದಕ್ಕೆ ಮಾತು ಬಂದಿದ್ರೆ, ಯಜಮಾನ ನಮ್ಮನ್ನ ಉಪವಾಸ ಕೆಡವಿದ ಅಂತ ಬೈತಿತ್ತು. ಆ ಕಷ್ಟ ದಾಟಿದ್ಮೇಲೆ ತಾನೇ ಅದು ದೊಡ್ಡದಾಗೋದು?"

"ದೊಡ್ಡದಾಗಿ ಏನಾಗ್ತದೆ? ಗೂಡು ಕಟ್ಟಿದ ಮೇಲೆ ಕುದಿಯೋ ನೀರಿಗೆ ಹಾಕ್ತೀರಿ. ನಿಮ್ಮ ದೇವರೂ ನಮ್ಮನ್ನ ಅದಕ್ಕೇ ಸಾಕ್ತಾವ್ನಾ?"

ಒಳಗೆ ಸೊಪ್ಪು ಹೆಚ್ಚುತ್ತಿದ್ದ ನಾನು ಕಿಸಕ್ಕೆಂದು ನಕ್ಕೆ. ಅಪ್ಪನೂ ನಕ್ಕುಬಿಟ್ಟ. "ಇದಕ್ಕೆ ಮುಂದಿನ ವಾರ ಹೇಳ್ತೀನಿ" ಅಂದ. "ನಿಮ್ಮ ಮುಂದಿನ ವಾರಗಳನ್ನೆಲ್ಲ ಜೋಡಿಸಿದ್ರೆ ವರ್ಷ ಆಗ್ತದೆ ಬಿಡಿ" ಎಂದು ನಂಜುಂಡಯ್ಯನವರು ಲೋಟ ಕೆಳಗಿಟ್ಟರು. ಆಮೇಲೆ ಧ್ವನಿ ಇಳಿಸಿ, ಅವರು ಎಂದೂ ಹೇಳದ ಒಂದು ಮಾತು ಹೇಳಿದರು. ಅವರ ನಾಲ್ಕು ವರ್ಷದ ಮಗ ಗಂಟಲುಮಾರಿಯಲ್ಲಿ ಹೋಗಿದ್ದನಂತೆ. "ಬಂದೋರೆಲ್ಲ ದೇವರ ಇಚ್ಛೆ ಅಂದ್ರು. ಅಂಥ ಇಚ್ಛೆ ಇರೋನ ಜೊತೆ ನಾನು ಮಾತಾಡಲ್ಲ. ಇಲ್ಲ ಅಂದ್ಕೊಂಡ್ರೆ ಕೊನೇಪಕ್ಷ ಅವನ ಮೇಲೆ ಸಿಟ್ಟಾದ್ರೂ ಇರಲ್ಲ."

ಅಪ್ಪ ನಸ್ಯದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. "ಇವಳಮ್ಮ ಹೋದಾಗ ನಾನೂ ಯಾಕೆ ಅಂತ ಕೇಳಿದೆ ನಂಜುಂಡಯ್ನೋರೆ. ಉತ್ತರ ಬರ್ಲಿಲ್ಲ. ಆದ್ರೆ ನಮ್ಮ ದೇವರು ಮೇಲೆ ಕೂತು ನೋಡ್ಲಿಲ್ಲ, ಇಳಿದು ಬಂದು ಕೈಗೆ ಮೊಳೆ ಹೊಡಿಸ್ಕೊಂಡ. ನೋವು ಯಾಕೆ ಅಂತ ನನಗೆ ಗೊತ್ತಿಲ್ಲ. ನೋವಲ್ಲಿ ಜೊತೆಗವ್ನೆ ಅನ್ನೋದು ಗೊತ್ತು."

"ಜೊತೆಗಿರೋರು ನೀವು ಉಪದೇಶಿಗಳೆ. ಹೆಸರು ಮಾತ್ರ ಅವನದು" ಎಂದು ನಂಜುಂಡಯ್ಯನವರು ಸೈಕಲ್ ಹತ್ತಿದರು.

ಆ ವರ್ಷ ಚಳಿಗಾಲ ಕೆಟ್ಟದಾಗಿ ಬಂತು. ಕಾರ್ತಿಕ ಮುಗಿದರೂ ಜಡಿಮಳೆ ಬಿಡಲಿಲ್ಲ. ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಹತ್ತು ಗಂಟೆಯಾದರೂ ಕೇರಿ ಬಿಟ್ಟು ಹೋಗುತ್ತಿರಲಿಲ್ಲ. ಸೊಪ್ಪು ಒದ್ದೆ, ತಟ್ಟೆ ಒದ್ದೆ, ಉಡುವ ಸೀರೆಯೂ ಒದ್ದೆ. ಎಲ್ಲರೂ ಕ್ರಿಸ್ಮಸ್ಸಿಗೆ ಕೈಗೆ ಬರುವ ಬೆಳೆಯನ್ನು ನಂಬಿಕೊಂಡಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ನಮ್ಮ ಎದುರುಮನೆಯ ಸಾರತ್ತೆ. ಗಂಡ ತೀರಿಹೋಗಿ, ಒಬ್ಬಳೇ ಹುಳ ಸಾಕಿ, ಮಗಳ ಮದುವೆಯನ್ನು ಜನವರಿಗೆ ಗೊತ್ತುಮಾಡಿಕೊಂಡಿದ್ದಳು. ಚಿಂತಾಮಣಿ ಕಡೆಯ ಹೆಣ್ಣು, ಸಿಟ್ಟು ಬಂದರೆ ಬಾಯಲ್ಲಿ ತೆಲುಗೇ.

ಮೊದಲು ಕೇರಿಯ ತುದಿಮನೆಯಲ್ಲಿ ಸುಣ್ಣಕಟ್ಟು ಕಾಣಿಸಿತು. ಈ ರೋಗ ಬಂದ ಹುಳ ಸತ್ತು ಸೆಟೆದುಕೊಂಡು, ಮಾರನೇ ದಿನಕ್ಕೆ ಮೈಯೆಲ್ಲ ಬೆಳ್ಳಗೆ ಸುಣ್ಣದಕಡ್ಡಿಯ ಹಾಗೆ ಆಗುತ್ತದೆ. ಅಪ್ಪನಿಗೆ ಕರೆ ಬಂತು. ಅಪ್ಪ ಕಪ್ಪು ರಟ್ಟಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದ, ಸತ್ತ ಹುಳವನ್ನು ಅಂಗೈಯಲ್ಲಿ ಹಿಡಿದು ಪ್ರಾರ್ಥಿಸಿದ, ಉಳಿದ ತಟ್ಟೆಗಳ ಮೇಲೆ ಒಂದೊಂದಾಗಿ ಕೈಯಿಟ್ಟ, ಹೆಗಲ ಟವೆಲಿಗೆ ಕೈ ಒರೆಸಿಕೊಂಡು ಬಂದ. ಅದು ಹರಡೀತೆಂದು ಹೆದರಿದ ಮಿಕ್ಕ ಮನೆಯವರೂ, "ಅಯ್ನೋರೆ, ನಮ್ಮನೆಗೂ ಒಂದ್ಸಲ ಬನ್ನಿ" ಎಂದು ಕೈಮುಗಿದರು. ಅಪ್ಪ ಹೋಗದೆ ಇರುತ್ತಾನೆಯೇ? ನಸ್ಯವನ್ನೂ ಬಿಟ್ಟ, ಬೆಳಗಿನ ಊಟವನ್ನೂ ಬಿಟ್ಟ. ಮನೆಯಿಂದ ಮನೆಗೆ, ತಟ್ಟೆಯಿಂದ ತಟ್ಟೆಗೆ ಕೈಯಿಡುತ್ತ ಹೋದ. ಮೂರು ವಾರ ಕಳೆಯುವಷ್ಟರಲ್ಲಿ ಏಳು ಮನೆಯ ಹುಳವೂ ಬೆಳ್ಳಗಾಯಿತು. ಸಾರತ್ತೆಯ ಹುಳ ಇನ್ನು ಎರಡೇ ದಿನದಲ್ಲಿ ಗೂಡಿಗೆ ಹತ್ತಬೇಕಿತ್ತು. ಅವಳು ಅವನ್ನು ಮೊರಗಟ್ಟಲೆ ತಿಪ್ಪೆಗೆ ಸುರಿಯುವಾಗ ನಾನು ನೋಡಲಾರದೆ ಒಳಗೆ ಹೋದೆ.

ನಮ್ಮ ಮನೆಯ ಒಂದು ಹುಳಕ್ಕೂ ಏನೂ ಆಗಲಿಲ್ಲ. ಗೂಡಿಗೆ ಹತ್ತಿಸುವ ಬಿದಿರಿನ ಚಂದ್ರಿಕೆಗಳ ತುಂಬ ಹಳದಿ ಗೂಡು ಕಟ್ಟಿ ಕೂತವು.

ಆ ಭಾನುವಾರ ಅಪ್ಪ ಚರ್ಚಿನ ಪೀಠದ ಮುಂದೆ ನಿಂತು, ವಾಡಿಕೆಯಂತೆ ನಮ್ಮ ಗೂಡಿನ ಮೊದಲ ಬೊಗಸೆಯನ್ನು ತಟ್ಟೆಯಲ್ಲಿಟ್ಟು, ನಮ್ಮ ಮನೆಯನ್ನು ಕಾಪಾಡಿದ ಕರ್ತನಿಗೆ ಸ್ತೋತ್ರ ಎಂದ. ಅಪ್ಪನಿಗೆ ಅದರಲ್ಲಿ ಏನೂ ತಪ್ಪು ತೋಚಲಿಲ್ಲ, ಪ್ರತಿ ಬೆಳೆಗೂ ಅಂದದ್ದೇ ಮಾತು. ಹೆಂಗಸರ ಚಾಪೆಯಿಂದ ಸಾರತ್ತೆ ಎದ್ದು ನಿಂತಳು.

"ಅಯ್ನೋರೆ, ನಿಮ್ಮನೇನ ಕಾಪಾಡ್ದ. ನಂದನ್ನ ಯಾಕೆ ಕಾಪಾಡ್ಲಿಲ್ಲ? ನೇನೇಮಿ ಪಾಪಂ ಚೇಸಾನು?"

ನಾನೇನು ಪಾಪ ಮಾಡಿದ್ದೆ ಎಂದು ಅವಳು ಕೇಳಿದ್ದು ದೇವರನ್ನೋ ಅಪ್ಪನನ್ನೋ, ಯಾರಿಗೂ ತಿಳಿಯಲಿಲ್ಲ. ಅಪ್ಪ, "ಮುಂದಿನ ಭಾನುವಾರ ಉತ್ತರ ಹೇಳ್ತೀನಿ ಸಾರಮ್ಮ. ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಈ ಕೆಲಸ ಬಿಡ್ತೀನಿ" ಎಂದ. ಅಪ್ಪನಿಗೆ ಆ ಕೆಲಸ ಬಿಟ್ಟರೆ ಬೇರೇನಿತ್ತು? ಅಷ್ಟು ಸಾಲದೆಂದು, ಅಪ್ಪ ನಂಜುಂಡಯ್ಯನವರಿಗೂ ಹೇಳಿಕಳಿಸಿದ. ನೀವೂ ಬನ್ನಿ, ಜನರ ಮುಂದೆಯೇ ಮಾತಾಡೋಣ, ನೀವು ಗೆದ್ದರೆ ಗೆಲ್ಲಿ ಎಂದು.

ಬುಧವಾರ ನಂಜುಂಡಯ್ಯನವರು ಬಂದರು. ಅಪ್ಪ ಚಿಕ್ಕಬಳ್ಳಾಪುರಕ್ಕೆ, ಪಾದ್ರಿಗಳ ಹತ್ತಿರ ಪುಸ್ತಕ ತರಲು ಹೋಗಿದ್ದ. ನಂಜುಂಡಯ್ಯನವರ ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಮನೆಗಳ ಹೆಸರು. "ಯಾವ ಮನೇಲಿ ಮೊದ್ಲು ಬಂತು, ಆಮೇಲೆ ಯಾವುದು, ಹೇಳಮ್ಮ ಕೃಪಾ. ರೋಗ ಅಕ್ಕಪಕ್ಕದ ಮನೆಗೆ ಹಾಯೋದು ಬಿಟ್ಟು ಹಿಂಗ್ಯಾಕೆ ನೆಗೆನೆಗೆದು ಹೋಗಿದೆ ಅಂತ ಗೊತ್ತಾಗ್ತಿಲ್ಲ."

ನಾನು ಹೇಳತೊಡಗಿದೆ. ತುದಿಮನೆ, ಆಮೇಲೆ ಬಾವಿ ಪಕ್ಕದ ಮನೆ, ಆಮೇಲೆ ಸಾರತ್ತೆಯದು. ನಾಲ್ಕನೆಯದು ಹೇಳುವಾಗ ನನ್ನ ನಾಲಿಗೆ ನಿಂತಿತು. ನಾನು ಒಪ್ಪಿಸುತ್ತಿದ್ದುದು ಅಪ್ಪ ಪ್ರಾರ್ಥನೆಗೆ ಹೋದ ಮನೆಗಳನ್ನು, ಹೋದ ಕ್ರಮದಲ್ಲೇ.

ಅವರು ಅದನ್ನು ಗಮನಿಸಲಿಲ್ಲ. "ನಿಮ್ಮನೆ ಒಂದೇ ಹೆಂಗೆ ಉಳೀತು?" ಎಂದರು.

ಸುಳ್ಳು ಹೇಳಬಹುದಿತ್ತು. "ನಾನು ಅಪ್ಪನ್ನ ಒಳಗೆ ಬಿಡಲ್ಲ ಸಾರ್. ನಸ್ಯ ಅಂತ" ಎಂದೆ.

ಅವರು ನನ್ನ ಮುಖ ನೋಡಿದರು, ಗೂಟದಲ್ಲಿ ತೂಗುತ್ತಿದ್ದ ಅಪ್ಪನ ಟವೆಲು ನೋಡಿದರು. ಎದ್ದುಹೋಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕೊಡವಿದರು. ಬೆಳ್ಳನೆಯ ಧೂಳು ಎದ್ದಿತು, ಸತ್ತ ಹುಳದ ಮೈಮೇಲಿನದೇ.

"ಅಯ್ಯೋ ಉಪದೇಶಿಗಳೆ" ಎಂದರು, ಅಪ್ಪ ಎದುರಿಗೇ ಇದ್ದಾನೇನೋ ಎಂಬಂತೆ.

ನಾನು ಅವರ ಕಾಲು ಹಿಡಿಯುವುದೊಂದು ಬಾಕಿ. "ಯಾರಿಗೂ ಹೇಳ್ಬೇಡಿ ಸಾರ್. ಭಾನುವಾರ ಎಲ್ಲಾರ ಮುಂದೆ ಅಂತೂ ಹೇಳ್ಲೇಬೇಡಿ. ನಿಮ್ಮ ದಮ್ಮಯ್ಯ."

"ಹೇಳ್ದಿದ್ರೆ ಮುಂದಿನ ಬೆಳೇನೂ ಹೋಗ್ತದೆ ಕಣಮ್ಮ. ನಿಮ್ಮಪ್ಪ ಮತ್ತೆ ಕೈಯಿಡ್ತಾರೆ, ಅವರು ಬಿಡೋರಲ್ಲ." ಬಾಗಿಲವರೆಗೆ ಹೋಗಿ ತಿರುಗಿದರು. "ನೀನೇ ಹೇಳು ಅವರಿಗೆ. ನಾನು ಹೇಳಿದ್ರೆ ವಾದ ಆಗ್ತದೆ."

ಮೂರು ದಿನ ನಾನು ಹೇಳಲಿಲ್ಲ. ಅಪ್ಪ ಪಾದ್ರಿಗಳಿಂದ ತಂದ ದಪ್ಪ ಪುಸ್ತಕ ಓದುತ್ತ, ಕಾಗದದ ಮೇಲೆ ಬರೆಯುತ್ತ, ಹೊಡೆದುಹಾಕುತ್ತ ಕೂತಿದ್ದ. ಮನುಷ್ಯನ ಸ್ವಾತಂತ್ರ್ಯ, ಪರೀಕ್ಷೆ, ಆದಿಯಲ್ಲಿ ಆದ ಪಾಪ ಎಂದೇನೇನೋ ಗೊಣಗುತ್ತಿದ್ದ. ಶನಿವಾರ ಮಧ್ಯಾಹ್ನ ಹಿಪ್ಪುನೇರಳೆ ತೋಟದಲ್ಲಿ ನಾನು ಕಳೆ ಕೀಳುತ್ತಿದ್ದಾಗ ಬಂದು, "ಕೃಪಾ, ಯಾವುದೂ ಸರಿಹೋಗ್ತಿಲ್ಲ ಕಣೆ. ಸಾರಮ್ಮನ ಮುಖ ನೆನೆಸ್ಕೊಂಡ್ರೆ ಬರೆದಿದ್ದೆಲ್ಲಾ ಬುರುಡೆ ಅನ್ಸುತ್ತೆ" ಅಂದ. ಆಗ ಹೇಳಿಬಿಟ್ಟೆ. ತಡೆತಡೆದು, ಅಳುತ್ತಾ, ಟವೆಲಿನ ಧೂಳಿನವರೆಗೂ ಹೇಳಿದೆ.

ಅಪ್ಪ ಎರಡೂ ಅಂಗೈ ಬಿಚ್ಚಿ ನೋಡಿಕೊಂಡ. ಬದುವಿನ ಮೇಲೆ ಕೂತು, ಕೈಗಳನ್ನು ಮಣ್ಣಿಗೆ ತಿಕ್ಕುತ್ತಲೇ ಇದ್ದ. ನಾನು ಹಿಡಿದು ನಿಲ್ಲಿಸಬೇಕಾಯಿತು.

ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇರೆ ಕೇರಿಯವರೂ ಬಂದು ಕಿಟಕಿಗಳಲ್ಲಿ ನೇತುಬಿದ್ದಿದ್ದರು. ನಂಜುಂಡಯ್ಯನವರು ಹಿಂದುಗಡೆ ಗೋಡೆಗೊರಗಿ ನಿಂತಿದ್ದರು. ಅಪ್ಪನ ಕೈಯಲ್ಲಿ ಬರೆದುಕೊಂಡಿದ್ದ ಕಾಗದ ಇರಲಿಲ್ಲ.

"ಸಾರಮ್ಮ ಒಂದು ಪ್ರಶ್ನೆ ಕೇಳಿದ್ಲು. ನಮ್ಮನೆ ಹುಳ ಉಳಿದದ್ದು ದೇವರು ಕಾಪಾಡಿ ಅಲ್ಲ. ನನ್ನ ಮಗಳು ನನ್ನನ್ನ ಒಳಕ್ಕೆ ಬಿಡ್ಲಿಲ್ಲ, ಅದಕ್ಕೆ ಉಳೀತು. ನಿಮ್ಮನೆ ಹುಳ ಸತ್ತಿದ್ದು ಪರೀಕ್ಷೆ ಅಲ್ಲ, ಸೈತಾನನ ಕೆಲಸ ಅಲ್ಲ, ನಿಮ್ಮ ಪಾಪ ಅಂತೂ ಅಲ್ವೇ ಅಲ್ಲ. ತುದಿಮನೆ ರೋಗಾನ ನಿಮ್ಮ ಮನೆಮನೆಗೂ ತಂದು ಹಚ್ಚಿದೋನು ನಾನು. ಈ ಕೈಯಲ್ಲಿ."

ಕೈಯೆತ್ತಿ ತೋರಿಸಿದ. ಸಾರತ್ತೆ ಎದ್ದಳು.

"ಗೊತ್ತಿದ್ದೂ ಮಾಡಿದ್ರಾ?"

"ಇಲ್ಲಮ್ಮ."

"ಅವನಿಗೆ ಗೊತ್ತಿತ್ತಾ?" ಅವಳು ಪೀಠದ ಮೇಲಿನ ಮರದ ಶಿಲುಬೆಯ ಕಡೆ ಗದ್ದ ಎತ್ತಿದಳು. "ಅವನ ಹೆಸರು ಹೇಳ್ಕೊಂಡೇ ಕೈಯಿಟ್ರಲ್ಲ. ಆ ಕೈನ ಹಿಡ್ಕೊಳ್ಳೋಕೆ ಆಗ್ಲಿಲ್ವಾ ಅವನಿಗೆ?"

ಇಷ್ಟು ವರ್ಷದಲ್ಲಿ ಎಷ್ಟೋ ದೊಡ್ಡವರ ಮಾತು ಕೇಳಿದ್ದೇನೆ, ಇದಕ್ಕಿಂತ ದೊಡ್ಡ ಪ್ರಶ್ನೆ ಕೇಳಿಲ್ಲ. ಅಪ್ಪ ಎತ್ತಿದ ಕೈ ಇಳಿಸಿದ. "ಗೊತ್ತಿತ್ತು ಅಂತಲೇ ನಾನು ನಂಬೋದು. ಯಾಕೆ ತಡೀಲಿಲ್ಲ ಅಂತ ನನಗೆ ಗೊತ್ತಿಲ್ಲ ಸಾರಮ್ಮ. ಗೊತ್ತಿದ್ದೋನ ಹಾಗೆ ಇನ್ಮೇಲೆ ಮಾತಾಡಲ್ಲ."

ಎಲ್ಲರ ಕತ್ತೂ ಹಿಂದಕ್ಕೆ, ನಂಜುಂಡಯ್ಯನವರ ಕಡೆಗೆ ತಿರುಗಿತು. ಗೆಲುವು ಅವರ ಕಾಲಬುಡದಲ್ಲಿ ಬಿದ್ದಿತ್ತು, ಬಗ್ಗಿ ಎತ್ತಿಕೊಂಡರೆ ಆಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ಉಪದೇಶಿಗಳಿಗೆ ಈ ರೋಗ ಹೆಂಗೆ ಹರಡ್ತದೆ ಅಂತ ಗೊತ್ತಿರ್ಲಿಲ್ಲ" ಎಂದರು ಅವರು. "ನನಗೆ ಗೊತ್ತಿತ್ತು. ಅವರು ಮನೆಮನೆಗೆ ಹೋಗಿ ಕೈಯಿಡೋದೂ ಕಾಣ್ತಿತ್ತು, ಎರಡನ್ನೂ ಕೂಡಿಸಿ ನೋಡ್ಲಿಲ್ಲ. ವಾರವಾರ ಅವರ ಜಗಲಿ ಮೇಲೆ ಕೂತು, ದೇವರಿಲ್ಲ ಅಂತ ವಾದ ಮಾಡಿ, ಕಾಫಿ ಕುಡಿದು ಹೋದೆ. ಕೈ ತೊಳ್ಕೊಂಡು ಒಳಕ್ಕೆ ಹೋಗಿ ಅಂತ ಒಂದು ಮಾತು ಹೇಳ್ಲಿಲ್ಲ. ಕಾಣ್ತಿದ್ರೂ, ಕೈಲಾಗ್ತಿದ್ರೂ ಸುಮ್ನೆ ಕೂತ ಯಜಮಾನ ಅಂತ ಒಂದಿನ ಉಪದೇಶಿಗಳಿಗೆ ಹೇಳಿದ್ದೆ. ಅವನು ನಾನೇ." ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. "ಅವರು ಬೇಕಾದ್ರೆ ಅವರ ದೇವರನ್ನ ಕೇಳ್ಕೊಳ್ಳಲಿ. ನನಗೆ ಕೇಳೋಕೆ ಮೇಲೆ ಯಾರೂ ಇಲ್ಲ. ಅದಕ್ಕೆ ನಾನೇ ಹೊತ್ಕೋಬೇಕು."

ಹಾಡು ಹಾಡದೆಯೇ ಅಂದಿನ ಪ್ರಾರ್ಥನೆ ಮುಗಿಯಿತು.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಮನೆಯವರು ಚರ್ಚಿಗೆ ಬರುವುದನ್ನು ಬಿಟ್ಟರು. ಅಪ್ಪ ಅವರನ್ನು ಯಾಕೆ ಎಂದು ಕೇಳಲಿಲ್ಲ. ಸಾರತ್ತೆಯ ಮಗಳ ಮದುವೆ ಮುಂದಕ್ಕೆ ಹೋಯಿತು. ಅಪ್ಪ ಬರೆದುಕೊಟ್ಟ ರಾಜೀನಾಮೆಯನ್ನು ಪಾದ್ರಿಗಳು ವಾಪಸ್ಸು ಕೊಟ್ಟರು. ಕ್ರಿಸ್ಮಸ್ ಕಳೆದ ಮೇಲೆ ನಂಜುಂಡಯ್ಯನವರು ಸೈಕಲ್ಲಿನ ಹಿಂದೆ ಫಾರ್ಮಲಿನ್ ಡಬ್ಬ ಕಟ್ಟಿಕೊಂಡು ಬಂದರು. ಅವರೂ ಅಪ್ಪನೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಏಳು ಮನೆಯ ಗೋಡೆ, ನೆಲ, ತಟ್ಟೆ, ಚಂದ್ರಿಕೆಗಳನ್ನು ತೊಳೆದರು. ಅಪ್ಪನ ಅಂಗೈ ಚರ್ಮ ಸುಲಿದು ಕೆಂಪಗಾಯಿತು. ಕೆಲಸದ ನಡುವೆ ದೇವರ ಮಾತು ಇಬ್ಬರೂ ಎತ್ತಲಿಲ್ಲ. ನನಗೆ ಆ ಮೌನ ಸಹಿಸಲಿಕ್ಕಾಗಲಿಲ್ಲ. "ಏನಾದ್ರೂ ಜಗಳ ಆಡ್ರಪ್ಪ" ಎಂದು ನಾನೇ ರೇಗಿದೆ.

ಮಾಘದ ಬೆಳೆ ಬಂತು. ಅಪ್ಪ ಯಾರ ಹುಳುಮನೆಗೂ ಹೋಗುತ್ತಿರಲಿಲ್ಲ. ಕೇರಿಯಲ್ಲಿ ನಡೆಯುವಾಗಲೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಹುಳ ಗೂಡಿಗೆ ಹತ್ತುವ ಮುಂಚಿನ ದಿನ ಬೆಳಿಗ್ಗೆ ಸಾರತ್ತೆ ತನ್ನ ಬಾಗಿಲಲ್ಲಿ ನಿಂತು ಕೂಗಿದಳು.

"ಅಯ್ನೋರೆ, ಬನ್ನಿ ಇಲ್ಲಿ. ಪ್ರಾರ್ಥನೆ ಮಾಡಿ."

"ಬೇಡಮ್ಮ, ಇಲ್ಲಿಂದಲೇ ಮಾಡ್ತೀನಿ."

"ಅಲ್ಲಿಂದ ಮಾಡೋಕೆ ನೀವೇ ಬೇಕಾ? ಕೈ ತೊಳ್ಕೊಂಡು ಬನ್ನಿ ಅಂದೆ."

ಅವಳ ಹೊಸ್ತಿಲ ಬಳಿ ಔಷಧಿ ನೀರಿನ ಬಾನಿ ಇತ್ತು. ಅವಳ ಹುಳ ನೋಡಲು ಬಂದಿದ್ದ ನಂಜುಂಡಯ್ಯನವರು ಚೊಂಬಿನಲ್ಲಿ ಮೊಗೆದು ಅಪ್ಪನ ಕೈಗೆ ಸುರಿದರು. ಒಂದು ಸಲ, ಎರಡು ಸಲ. ಅಪ್ಪ ಮೂರನೆಯ ಸಲವೂ ಕೈಯೊಡ್ಡಿದ. "ಸಾಕು ಉಪದೇಶಿಗಳೆ, ಹೋಗಿದೆ" ಎಂದರು ಅವರು. ಅಪ್ಪ ಒಳಗೆ ಹೋಗಿ ತಟ್ಟೆಗಳ ಮುಂದೆ ನಿಂತ. ಕೈ ಮುಂದಕ್ಕೆ ಬರಲಿಲ್ಲ. ಸಾರತ್ತೆ ಅವನ ಒದ್ದೆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ತಾನೇ ಎತ್ತಿ, ತನ್ನ ಹುಳದ ತಟ್ಟೆಯ ಅಂಚಿನ ಮೇಲೆ ಇಟ್ಟಳು.

ನಾನು ಮನೆಗೆ ಓಡಿ, ಒಂದು ಬಾನಿಗೆ ಔಷಧಿ ನೀರು ಕಲಸಿ, ನಮ್ಮ ಹುಳುಮನೆಯ ಬಾಗಿಲಲ್ಲಿಟ್ಟು ಅಪ್ಪನಿಗಾಗಿ ಕಾದೆ.